ಅರ್ಜಿಯಲ್ಲಿ ಮಾತೃಭಾಷೆಯ ಕಾಲಂ

ಜೂನ್ ತಿಂಗಳಲ್ಲಿ ಶಾಲೆ ತೆರೆದ ವಾರ ತಮಿಳುನಾಡಿನ ಹೊಸೂರಿನ ಸುತ್ತ ತಳಿ, ಕೆಲಮಂಗಲ, ಬಾಗಲೂರು, ಬೇರಿಕೆ, ಯಾವ ಕಡೆ ಹೋದರೂ ಒಂದು ದೃಶ್ಯ ಕಾಣುತ್ತದೆ. ಹೆಡ್‌ಮೇಷ್ಟ್ರ ಮೇಜಿನ ಮುಂದೆ ತಾಯಂದಿರು ಮಕ್ಕಳ ಕೈ ಹಿಡಿದು ಸಾಲಾಗಿ ನಿಂತಿರುತ್ತಾರೆ. ಹೆಸರು, ಹುಟ್ಟಿದ ದಿನ, ಆಧಾರ್ ನಂಬರು ಎಲ್ಲ ಬರೆದಾದ ಮೇಲೆ ಮೇಷ್ಟ್ರು ಕೇಳುತ್ತಾರೆ: "ತಾಯಿಭಾಷೆ ಯಾವುದಮ್ಮಾ?" ತಾಯಿ ಅರೆಗಳಿಗೆ ಯೋಚಿಸುತ್ತಾಳೆ. ತವರಿನಲ್ಲಿ ಕನ್ನಡ, ಅತ್ತೆಯ ಕಡೆ ಅರ್ಧ ತೆಲುಗು, ಸಂತೆಯಲ್ಲಿ ತಮಿಳು. "ಎಲ್ಲಾ ಬರುತ್ತೆ ಸಾರ್, ತಮಿಳೇ ಹಾಕ್ಕೊಳ್ಳಿ" ಎಂದುಬಿಡುತ್ತಾಳೆ. ಅಲ್ಲಿಗೆ ಮುಗಿಯಿತು. ಸರ್ಕಾರದ ಲೆಕ್ಕದಲ್ಲಿ ಆ ಶಾಲೆಯ ಒಂದು ಕನ್ನಡ ಮಗು ಕಡಿಮೆಯಾಯಿತು.

ಹೊಸೂರಿನ ಕಾರ್ಖಾನೆಗಳಿಗೆ, ಗುಲಾಬಿ ತೋಟಗಳಿಗೆ ಕೆಲಸಕ್ಕೆ ಬಂದು ನೆಲೆಸಿದ ಕನ್ನಡದ ಮನೆಗಳಿಗಾಗಿ, ಮತ್ತು ಇಲ್ಲಿನ ಶಾಲೆಗಳಿಗೆ ಹೊಸದಾಗಿ ಸೇರುವ ಎಳೆಯ ಮೇಷ್ಟ್ರು, ಟೀಚರುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಹಳ ವರ್ಷ ಈ ಗಡಿಯಲ್ಲೇ ಪಾಠ ಹೇಳಿದ ಮೇಲೆ ನನಗೆ ಮನವರಿಕೆಯಾದದ್ದು ಇಷ್ಟು: ಇಲ್ಲಿ ಕನ್ನಡದ ಮಗುವಿನ ಓದು ಸುಧಾರಿಸಬೇಕಾದರೆ ಮೊದಲು ಅದು ಎಣಿಕೆಗೆ ಸಿಗಬೇಕು, ಆಮೇಲೆ ಕನ್ನಡದ ಮೂಲಕವೇ ಅದಕ್ಕೆ ತಮಿಳು ಚೆನ್ನಾಗಿ ಬರಬೇಕು. ಎರಡರಲ್ಲಿ ಒಂದನ್ನು ಬಿಟ್ಟರೂ ಮಗು ಎಡವುತ್ತದೆ.

ಎಣಿಕೆಯಿಂದಲೇ ಆರಂಭಿಸೋಣ. 1949ರ ಆಗಸ್ಟಿನಲ್ಲಿ ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ನಿರ್ಣಯ ಮಾಡಿತು. ಪ್ರಾಥಮಿಕ ಹಂತದಲ್ಲಿ ಒಂದು ಶಾಲೆಯಲ್ಲಿ ಬೇರೆ ಮಾತೃಭಾಷೆಯ ಮಕ್ಕಳು 40 ಮಂದಿ ಇದ್ದರೆ, ಅಥವಾ ಒಂದು ತರಗತಿಯಲ್ಲಿ 10 ಮಂದಿ ಇದ್ದರೆ, ಅವರ ಭಾಷೆಯಲ್ಲಿ ಕಲಿಸಲು ಒಬ್ಬ ಅಧ್ಯಾಪಕರನ್ನಾದರೂ ಕೊಡಬೇಕು. ಭಾಷಾವಾರು ರಾಜ್ಯಗಳಾದ 1956ರಲ್ಲಿ ಸಂವಿಧಾನದ ಏಳನೇ ತಿದ್ದುಪಡಿ 350ಎ ವಿಧಿಯನ್ನು ಸೇರಿಸಿತು. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ಸಿಗುವಂತೆ ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಎನ್ನುತ್ತದೆ ಆ ವಿಧಿ. ಅದರ ಪಕ್ಕದ 350ಬಿ, ಇದನ್ನೆಲ್ಲ ನೋಡಿಕೊಂಡು ರಾಷ್ಟ್ರಪತಿಗೆ ವರದಿ ಕೊಡಲು ಒಬ್ಬ ವಿಶೇಷಾಧಿಕಾರಿ ಇರಬೇಕೆಂದು ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಕಚೇರಿ 1957ರಲ್ಲಿ ಶುರುವಾದದ್ದು ಹಾಗೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲೇ ಕಲಿಸಬೇಕು ಎನ್ನುತ್ತದೆ.

ಇಷ್ಟೆಲ್ಲ ಇದ್ದೂ ಲೆಕ್ಕ ನಿಲ್ಲುವುದು ಆ ಹತ್ತು, ನಲವತ್ತರ ಮೇಲೆ. ಇವತ್ತು ತಮಿಳುನಾಡಿನ ಪ್ರತಿ ಮಗುವಿಗೂ ಎಮಿಸ್ ಎಂಬ ಕಂಪ್ಯೂಟರ್ ದಾಖಲೆಯಲ್ಲಿ ಒಂದು ನಂಬರು ಇದೆ. ಅದರಲ್ಲಿ ಮಾತೃಭಾಷೆಗೆ ಒಂದು ಕಾಲಂ, ಕಲಿಯುವ ಮಾಧ್ಯಮಕ್ಕೆ ಇನ್ನೊಂದು. ಒಂದನೇ ತರಗತಿಗೆ ಬಂದ ಹನ್ನೊಂದು ಕನ್ನಡ ಮಕ್ಕಳಲ್ಲಿ ಇಬ್ಬರ ತಾಯಂದಿರು "ತಮಿಳೇ ಹಾಕ್ಕೊಳ್ಳಿ" ಅಂದರೆ ಉಳಿಯುವುದು ಒಂಬತ್ತು. ಇಡೀ ಶಾಲೆಯಲ್ಲಿ ನಲವತ್ತೂ ಇಲ್ಲದಿದ್ದರೆ, ಒಂಬತ್ತಕ್ಕೆ ಅಧ್ಯಾಪಕರನ್ನು ಕೇಳುವ ಹಕ್ಕು ಇಲ್ಲ. ಮನೆಯಲ್ಲಿ ಮಗುವನ್ನು ಯಾವ ಭಾಷೆಯಲ್ಲಿ ಗದರುತ್ತೀರೋ, ಯಾವುದರಲ್ಲಿ ಮುದ್ದು ಮಾಡುತ್ತೀರೋ ಅದನ್ನೇ ಬರೆಸಿ. ಕನ್ನಡ ಅಂತ ಬರೆಸಿದರೆ ಮಗುವಿಗೆ ತಮಿಳು ಸಿಗುವುದಿಲ್ಲವೇನೋ ಎಂಬ ಭಯ ಬೇಡ. ತಮಿಳು ಎಲ್ಲರಿಗೂ ಇದ್ದೇ ಇದೆ.

ಈ ನೆಲ ಎಂಥದ್ದು ಎಂದು ಹೊಸಬರಿಗೆ ಒಂದಿಷ್ಟು ಹೇಳಬೇಕು. ಕೃಷ್ಣಗಿರಿ ಜಿಲ್ಲೆ ಆದದ್ದು 2004ರಲ್ಲಿ. ಅದಕ್ಕೆ ಮೊದಲು ಇದು ಧರ್ಮಪುರಿ ಜಿಲ್ಲೆ, 1965ಕ್ಕೂ ಮೊದಲು ಸೇಲಂ ಜಿಲ್ಲೆ. ಹೆಸರು ಬದಲಾಯಿತು, ಮನೆಮಾತು ಬದಲಾಗಲಿಲ್ಲ. ದೇಂಕಣಿಕೋಟೆ, ತಳಿ, ಅಂಚೆಟ್ಟಿ ಕಡೆ ಕನ್ನಡ, ತೆಲುಗು, ತಮಿಳು ಒಂದೇ ಓಣಿಯಲ್ಲಿ ಓಡಾಡುತ್ತವೆ, ಪೇಟೆಗಳಲ್ಲಿ ಉರ್ದುವೂ ಸೇರುತ್ತದೆ. ತಳಿಯ ಹತ್ತಿರದ ಗುಮ್ಮಳಾಪುರದ ಸಿದ್ಧಲಿಂಗ ಯತಿ ಶೂನ್ಯಸಂಪಾದನೆಯ ಒಂದು ಪಾಠವನ್ನು ಸಂಕಲಿಸಿದವರು. ಅಲ್ಲಮಪ್ರಭುವಿನ ಸಂವಾದಗಳನ್ನು ಓಲೆಗರಿಯ ಮೇಲೆ ಜೋಡಿಸಿ ಕೂರಿಸಿದ ನಾಲ್ವರಲ್ಲಿ ಒಬ್ಬರು ಇಲ್ಲಿಯವರು. ಕನ್ನಡ ಇಲ್ಲಿಗೆ ಕೂಲಿ ಹುಡುಕಿಕೊಂಡು ನಿನ್ನೆ ಮೊನ್ನೆ ಬಂದ ಭಾಷೆಯಲ್ಲ ಎಂದು ನಿಮ್ಮ ಮಗುವಿಗೆ ಹೇಳಲು ಈ ಒಂದು ಹೆಸರು ಸಾಕು.

ಹಾಗೆ ನೋಡಿದರೆ ನಮ್ಮದು ನಡುಗಡ್ಡೆ. ಸುತ್ತ ತಮಿಳಿನ ನೀರು, ನಡುವೆ ಕನ್ನಡದ, ತೆಲುಗಿನ ಚಿಕ್ಕಚಿಕ್ಕ ದಿಣ್ಣೆಗಳು. ನಿಜವಾದ ನಡುಗಡ್ಡೆ ದೇಶಗಳು ಶಾಲೆಯನ್ನು ಹೇಗೆ ನಡೆಸುತ್ತವೆ ಎಂದು ಓದುವ ಕುತೂಹಲ ನನಗೆ ಅದರಿಂದಲೇ ಹುಟ್ಟಿದ್ದು. 2011ರ ಜನಗಣತಿಯಲ್ಲಿ ಕೃಷ್ಣಗಿರಿ ಜಿಲ್ಲೆಯ ಜನಸಂಖ್ಯೆ 18,79,809. ಮಾರಿಷಸ್ ದೇಶದ್ದು ಸುಮಾರು ಹನ್ನೆರಡೂವರೆ ಲಕ್ಷ. ಸೇಶೆಲ್ಸ್ ಎಂಬ ದ್ವೀಪದೇಶದಲ್ಲಿ ಒಂದು ಲಕ್ಷದ ಆಸುಪಾಸು ಜನ. ಆ ಸೇಶೆಲ್ಸ್, 1976ರಲ್ಲಿ ಸ್ವತಂತ್ರವಾದದ್ದು, 1982ರಲ್ಲಿ ಒಂದು ಧೈರ್ಯ ಮಾಡಿತು. ಅಲ್ಲಿಯವರೆಗೆ ಆಡುಮಾತು ಎಂದು ಕಡೆಗಣಿಸಿದ್ದ ಕ್ರಿಯೋಲ್ ಭಾಷೆಯನ್ನೇ ಎಳೆಯ ತರಗತಿಗಳ ಪಾಠದ ಭಾಷೆ ಮಾಡಿತು. ಮಗು ಮನೆಯ ಮಾತಿನಲ್ಲಿ ಓದು ಬರಹ ಕಲಿತು, ಆಮೇಲೆ ಇಂಗ್ಲಿಷಿಗೆ ಹೊರಳುತ್ತದೆ. ಮಾರಿಷಸ್ 2012ರಲ್ಲಿ ತನ್ನ ಕ್ರಿಯೋಲನ್ನು ಪ್ರಾಥಮಿಕ ಶಾಲೆಯ ಐಚ್ಛಿಕ ವಿಷಯ ಮಾಡಿತು. ಅಲ್ಲಿನ ಶಾಲೆಗಳಲ್ಲಿ ಹಿರಿಯರ ಭಾಷೆಗಳೆಂದು ತಮಿಳು, ತೆಲುಗು, ಮರಾಠಿಗಳನ್ನೂ ಕಲಿಸುತ್ತಾರೆ. ಕಡಲಾಚೆ ಹೋದ ತಮಿಳರ ಮಕ್ಕಳಿಗೆ ತಮಿಳು ಉಳಿಯಲಿ ಎಂದು ಹಾರೈಸುವವರಿಗೆ ಹೊಸೂರಿನ ಕನ್ನಡ ಮಗುವಿನ ಆಸೆ ಅರ್ಥವಾಗದೆ ಇರಲಾರದು. ಚಿಕ್ಕ ದೇಶಕ್ಕೆ ಎಲ್ಲವನ್ನೂ ತಾನೇ ಮಾಡಿಕೊಳ್ಳುವ ಶಕ್ತಿ ಇರುವುದಿಲ್ಲ. ಮಾರಿಷಸ್ ದೊಡ್ಡ ಪರೀಕ್ಷೆಗಳನ್ನು ಕೇಂಬ್ರಿಜ್ ಸಂಸ್ಥೆಯ ಜೊತೆಗೂಡಿ ನಡೆಸುತ್ತದೆ. ಚಿಕ್ಕವರು ದೊಡ್ಡವರಿಂದ ಎರವಲು ತರಬೇಕು, ಅದರಲ್ಲಿ ನಾಚಿಕೆ ಏನಿಲ್ಲ. ಏನನ್ನು ತರಬೇಕು, ಏನನ್ನು ಬಿಟ್ಟುಕೊಡಬಾರದು ಎಂಬ ವಿವೇಕ ಮಾತ್ರ ಬೇಕು.

ಇನ್ನು ತಮಿಳುನಾಡಿನ ಏರ್ಪಾಡು. 1968ರಿಂದ ಇಲ್ಲಿ ಎರಡು ಭಾಷೆಯ ನೀತಿ, ತಮಿಳು ಮತ್ತು ಇಂಗ್ಲಿಷ್. 2006ರ ತಮಿಳು ಕಲಿಕೆ ಕಾಯ್ದೆ ಶಾಲೆಯ ಓದನ್ನು ನಾಲ್ಕು ಭಾಗ ಮಾಡಿತು. ಮೊದಲ ಭಾಗ ತಮಿಳು, ಕಡ್ಡಾಯ. ಎರಡನೆಯದು ಇಂಗ್ಲಿಷ್, ಅದೂ ಕಡ್ಡಾಯ. ಮೂರನೆಯದು ಗಣಿತ, ವಿಜ್ಞಾನ, ಸಮಾಜ. ನಾಲ್ಕನೆಯದು, ಬೇರೆ ಮಾತೃಭಾಷೆಯ ಮಕ್ಕಳು ಬಯಸಿದರೆ ತಮ್ಮ ಭಾಷೆ. ಕಾಯ್ದೆಗೆ ಮೊದಲು ಕನ್ನಡದ ಮಗು ಒಂದನೇ ಭಾಷೆಯಾಗಿ ಕನ್ನಡವನ್ನೇ ತೆಗೆದುಕೊಳ್ಳಬಹುದಿತ್ತು. ಕಾಯ್ದೆ ಬಂದ ವರ್ಷ ಒಂದನೇ ತರಗತಿಯಲ್ಲಿ ಶುರುವಾದ ಕಡ್ಡಾಯ ತಮಿಳು ವರ್ಷಕ್ಕೊಂದು ಮೆಟ್ಟಿಲು ಹತ್ತಿ 2015-16ರಲ್ಲಿ ಹತ್ತನೇ ತರಗತಿ ಮುಟ್ಟಿತು. ಆಗ ಕೂಗೆದ್ದಿತು. ಕಾಯ್ದೆ ಇದ್ದರೂ ಎಷ್ಟೋ ಕಡೆ ತಮಿಳು ಕಲಿಸುವವರೇ ಇರಲಿಲ್ಲ, ಕಲಿಸದೆ ಪರೀಕ್ಷೆ ಬರೆ ಎಂದರೆ ಮಕ್ಕಳೇನು ಮಾಡಬೇಕು ಎಂದು ಭಾಷಾ ಅಲ್ಪಸಂಖ್ಯಾತರು ಮದ್ರಾಸ್ ಹೈಕೋರ್ಟಿಗೆ, ಮುಂದೆ ಸುಪ್ರೀಂ ಕೋರ್ಟಿಗೂ ಹೋದರು. ಕೆಲವು ವರ್ಷ ವಿನಾಯಿತಿ ಸಿಕ್ಕಿತು. ವಿನಾಯಿತಿ ಸಿಕ್ಕಾಗ ನಾವೆಲ್ಲ ನಿಟ್ಟುಸಿರು ಬಿಟ್ಟೆವು, ಆದರೆ ವಿನಾಯಿತಿಯನ್ನೇ ನೆಚ್ಚಿ ಮಗುವಿಗೆ ತಮಿಳು ಕಲಿಸದೆ ಬಿಡುವುದು ದೊಡ್ಡ ತಪ್ಪು. ತಮಿಳುನಾಡು ಸರ್ಕಾರದ ಕೆಲಸಕ್ಕೆ ಅರ್ಜಿ ಹಾಕುವವರು ಹತ್ತನೇ ತರಗತಿ ಮಟ್ಟದ ತಮಿಳು ಪತ್ರಿಕೆಯಲ್ಲಿ ಶೇ. 40 ಅಂಕ ತೆಗೆಯಲೇಬೇಕೆಂದು 2021ರ ಡಿಸೆಂಬರಿನಲ್ಲಿ ಆದೇಶವಾಗಿದೆ. ಇಲ್ಲಿ ಹುಟ್ಟಿ, ಇಲ್ಲೇ ಬದುಕುವ ಮಗು ಆ ಬಾಗಿಲನ್ನು ತಾನಾಗಿ ಮುಚ್ಚಿಕೊಳ್ಳಬಾರದು.

ತಮಿಳನ್ನು ಕನ್ನಡದ ಮೂಲಕ ಕಲಿಸುವುದು ಹೇಗೆ? ಇದು ನನಗೆ ಅತ್ಯಂತ ಇಷ್ಟದ ಪಾಠ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬಸ್ಸಿನ ಬೋರ್ಡಿನಿಂದ ಶುರು ಮಾಡಿ. ನಮ್ಮ ಊರಿನ ಹೆಸರು ಹೊಸೂರು, ಹೊಸ ಊರು. ತಮಿಳಿನ ಬೋರ್ಡಿನಲ್ಲಿ ಅದು 'ಓಸೂರ್'. ಹ ಎಲ್ಲಿ ಹೋಯಿತು? ತಮಿಳಿನ ಹಳೆಯ ಅಕ್ಷರಮಾಲೆಯಲ್ಲಿ ಹಕಾರ ಇಲ್ಲ. ಆಗ ಮಕ್ಕಳಿಗೆ ಕೇಳಿ: ನಮ್ಮ ಹಾಲಿಗೆ ಅವರು ಏನನ್ನುತ್ತಾರೆ? ಪಾಲ್. ಹುಲಿಗೆ ಪುಲಿ. ಹೂವಿಗೆ ಪೂ. ಹಲ್ಲಿಗೆ ಪಲ್. ಹತ್ತಕ್ಕೆ ಪತ್ತು. ಐದು ಮಾತು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗ ಆರನೆಯದನ್ನು ತಾನೇ ಕೂಗುತ್ತಾನೆ, "ಹಗಲು, ಪಗಲ್!" ಹಳಗನ್ನಡದಲ್ಲಿ ನಾವೂ ಪಾಲ್, ಪುಲಿ, ಪೂ ಎಂದೇ ಹೇಳುತ್ತಿದ್ದೆವು, ನಮ್ಮಲ್ಲಿ ಪ ಹ ಆಯಿತು, ಅವರಲ್ಲಿ ಹಾಗೇ ಉಳಿಯಿತು ಎಂದು ಹೇಳಿದಾಗ ತಮಿಳು ಪಕ್ಕದ ಮನೆಯ ದೊಡ್ಡಮ್ಮನ ಮಾತಿನಂತೆ ಹತ್ತಿರವಾಗುತ್ತದೆ.

ಮಾರನೆಯ ದಿನ ಬಕಾರ. ಬೇರು, ವೇರ್. ಬೇಲಿ, ವೇಲಿ. ಬೆಲ್ಲ, ವೆಲ್ಲಂ. ಬಾಳೆ, ವಾೞೈ. ಅದರ ಮಾರನೆಯ ದಿನ ಕೊನೆಯ ಸ್ವರ: ತಲೆ ತಲೈ, ಮಲೆ ಮಲೈ, ಎಲೆ ಇಲೈ. ಆಮೇಲೆ ಕಿವಿ ಚೆವಿ, ಕೇರಿ ಚೇರಿ. ಹೀಗೆ ಒಂದು ವಾರದಲ್ಲಿ ನೂರು ಮಾತು ಮಗುವಿನ ಬಾಯಲ್ಲಿ ಇರುತ್ತವೆ, ಅದೂ ಬಾಯಿಪಾಠ ಮಾಡದೆ.

ಮಕ್ಕಳು ತೊಡರುವುದು ಎರಡು ಕಡೆ. ಒಂದು, ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಮಾತಿನ ಮೊದಲಿಗೆ ಬಂದರೆ ಕ, ನಡುವೆ ಒಂಟಿಯಾಗಿ ಬಂದರೆ ಗ ಅಥವಾ ಹಗುರವಾದ ಹ, ಒತ್ತಕ್ಷರವಾದರೆ ಕ್ಕ. ಕನ್ನಡದ ಮಗುವಿಗೆ ನಾಲ್ಕೂ ಉಚ್ಚಾರ ಮೊದಲೇ ಗೊತ್ತಿರುವುದರಿಂದ ಜಾಗ ನೋಡಿ ಓದುವುದನ್ನು ಕಲಿಸಿದರೆ ಸಾಕು. ಇನ್ನೊಂದು, ತಮಿೞ್ ಎಂಬ ಹೆಸರಿನ ಕೊನೆಯಲ್ಲೇ ಇರುವ ಆ ಅಕ್ಷರ, ನಾಲಗೆಯನ್ನು ಹಿಂದಕ್ಕೆ ಮಡಿಸಿ ನುಡಿಯುವಂಥದ್ದು. ಮಕ್ಕಳು ಅದನ್ನು ಳ ಎಂದುಬಿಡುತ್ತಾರೆ. ಕರಿಹಲಗೆಯ ಮೇಲೆ ೞ ಬರೆದು ತೋರಿಸಿ. ಇದು ಕನ್ನಡದ್ದೇ ಅಕ್ಷರ. ಹಳಗನ್ನಡದಲ್ಲಿ ಮಳೆ ಮೞೆ ಆಗಿತ್ತು, ಏಳು ಏೞು ಆಗಿತ್ತು. ಧರ್ಮಪುರಿಯ ಕಡೆ ನೊಳಂಬ ಅರಸರ ಕಾಲದ ಕನ್ನಡ ಶಾಸನಗಳಿವೆ. ಹಳಗನ್ನಡ ಬರೆದ ಆ ಕಾಲದವರಿಗೆ ೞ, ಱ ದಿನನಿತ್ಯದ ಅಕ್ಷರಗಳು. ನಾವು ಕಳೆದುಕೊಂಡದ್ದನ್ನು ಪಕ್ಕದವರು ಜೋಪಾನವಾಗಿ ಇಟ್ಟುಕೊಂಡಿದ್ದಾರೆ ಎಂದು ಹೇಳಿದರೆ ಮಗು ಅದನ್ನು ಸರಿಯಾಗಿ ನುಡಿಯಲು ತಾನಾಗಿ ಹಟ ತೊಡುತ್ತದೆ.

ಈ ಪಾಠ ಆಗಬೇಕಾದರೆ ಎರಡೂ ಭಾಷೆ ಬಲ್ಲ ಅಧ್ಯಾಪಕರು ಬೇಕು. ನಮ್ಮ ಏರ್ಪಾಡಿನ ಅತಿ ತೆಳುವಾದ ಜಾಗ ಇದೇ. ಕನ್ನಡ ಬಲ್ಲವರಿರಬೇಕು, ಡಿಪ್ಲೊಮಾ ತರಬೇತಿ ಮುಗಿಸಿರಬೇಕು, ಟೆಟ್ ಎಂಬ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಿರಬೇಕು, ತಮಿಳೂ ಬರಬೇಕು. ತಮಿಳುನಾಡಿನ ಟೆಟ್ ಪರೀಕ್ಷೆಯ ಮೊದಲ ಭಾಷೆಗೆ ತಮಿಳು, ತೆಲುಗು, ಮಲಯಾಳಂ, ಕನ್ನಡ, ಉರ್ದು ಎಂಬ ಆಯ್ಕೆ ಇದೆ. ನಮ್ಮ ಹುಡುಗ ಹುಡುಗಿಯರು ಇದನ್ನು ತಿಳಿದಿರಬೇಕು. ಇಲ್ಲಿ ಕನ್ನಡದಲ್ಲಿ ಓದಿದ ಇವತ್ತಿನ ಮಗುವೇ ಹದಿನೈದು ವರ್ಷದ ಮೇಲೆ ಇಲ್ಲಿನ ಕನ್ನಡ ಟೀಚರಾಗಬೇಕು. ಬೆಂಗಳೂರಿನಿಂದ ಬಂದವರಿಗೆ ತಮಿಳಿನ ತೊಡಕು, ಸೇಲಂನಿಂದ ಬಂದವರಿಗೆ ಕನ್ನಡದ ತೊಡಕು. ಬೇರೆಲ್ಲಿಂದಲೂ ಆ ಅಧ್ಯಾಪಕರು ಬರಲಾರರು. ಪ್ಲಸ್ ಟೂ ಮುಗಿಸಿದ ಕನ್ನಡದ ಮಕ್ಕಳಿಗೆ ಶಿಕ್ಷಕರ ತರಬೇತಿಯ ದಾರಿ ತೋರಿಸುವ ಕೆಲಸವನ್ನು ಪ್ರತಿ ಊರಿನ ಹಿರಿಯರೂ ತಮ್ಮದೆಂದು ತಿಳಿಯಬೇಕು.

ಪಠ್ಯಪುಸ್ತಕದ ಮಾತು ಚಿಕ್ಕದು. ತಮಿಳುನಾಡು ಪಠ್ಯಪುಸ್ತಕ ನಿಗಮ ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕುತ್ತದೆ. ಪಾಠ ತಮಿಳುನಾಡಿನದು, ಭಾಷೆ ಕನ್ನಡ. ಅನುವಾದದ ವಾಕ್ಯ ಬಿಗಿಯಾಗಿದ್ದರೆ ಟೀಚರು ಅದನ್ನು ಬಿಡಿಸಿ ಮನೆಯ ಮಾತಿನಲ್ಲಿ ಹೇಳಬೇಕು, ಅಷ್ಟೆ. ಮಕ್ಕಳ ಕತೆಪುಸ್ತಕ ಮಾತ್ರ ಗಡಿಯ ಅತ್ತಿಬೆಲೆಯ ಆಚೆ, ಕರ್ನಾಟಕದಿಂದ ತರಿಸಿಕೊಳ್ಳಿ. ಎರವಲು ಎಂದೆನಲ್ಲ, ಅದು ಇದು.

ಚಿಕ್ಕ ಶಾಲೆಯೆಂದರೆ ಇಬ್ಬರು ಅಧ್ಯಾಪಕರು, ಐದು ತರಗತಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅರವತ್ತು ಮಕ್ಕಳವರೆಗೆ ಇಬ್ಬರೇ. ಹೊಸ ಟೀಚರು ಇದನ್ನು ನೋಡಿ ಕಂಗೆಡುತ್ತಾರೆ. ಕಂಗೆಡಬೇಡಿ, ಇದಕ್ಕೆ ಹೇಳಿಮಾಡಿಸಿದ ವಿಧಾನ ನಮ್ಮ ನೆರೆಯಲ್ಲೇ ಹುಟ್ಟಿದೆ. ಆಂಧ್ರದ ಮದನಪಲ್ಲಿಯ ಹತ್ತಿರದ ರಿಷಿವ್ಯಾಲಿಯವರು ಹಳ್ಳಿಯ ಏಕೋಪಾಧ್ಯಾಯ ಶಾಲೆಗಳಿಗಾಗಿ ಕಾರ್ಡುಗಳು, ಮೆಟ್ಟಿಲುಗಳಿರುವ ಒಂದು ಕ್ರಮ ರೂಪಿಸಿದರು. ಬೇರೆ ಬೇರೆ ತರಗತಿಯ ಮಕ್ಕಳು ಗುಂಪಾಗಿ ಕೂತು, ತಮ್ಮ ತಮ್ಮ ವೇಗದಲ್ಲಿ ಒಂದೊಂದೇ ಕಾರ್ಡು ಮುಗಿಸುತ್ತಾ ಹೋಗುತ್ತಾರೆ. ಅದನ್ನು ನೋಡಿ ಬಂದ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು 1995ರಲ್ಲಿ ಕನ್ನಡದಲ್ಲಿ 'ನಲಿಕಲಿ' ಕಟ್ಟಿದರು. ಅದೇ ಮೂಲದಿಂದ ಚೆನ್ನೈ ನಗರಪಾಲಿಕೆಯ ಶಾಲೆಗಳು 2003ರಲ್ಲಿ ಚಟುವಟಿಕೆ ಆಧಾರಿತ ಕಲಿಕೆಯನ್ನು ತಂದವು, ಆಮೇಲೆ ಅದು ತಮಿಳುನಾಡಿನ ಉದ್ದಗಲಕ್ಕೂ ಹಬ್ಬಿತು. ಹಾಗಾಗಿ ಹೊಸೂರಿನ ಕನ್ನಡ ಟೀಚರು ನಲಿಕಲಿಯ ಹಾಡು, ಕಾರ್ಡುಗಳನ್ನು ತಮ್ಮ ತರಗತಿಗೆ ತಂದರೆ ಎರಡೂ ರಾಜ್ಯಗಳ ಕ್ರಮಕ್ಕೆ ಹೊಂದುತ್ತದೆ. ಕೊರೋನಾದ ಎರಡು ವರ್ಷ ಮಕ್ಕಳ ಓದು ಹಾಳಾದ ಮೇಲೆ 2022ರಲ್ಲಿ ಬಂದ 'ಎಣ್ಣುಂ ಎೞುತ್ತುಂ' ಯೋಜನೆಯದ್ದೂ ಇದೇ ದಾರಿ: ಎಂಟು ವರ್ಷದೊಳಗಿನ ಮಗುವಿಗೆ ಅಂಕಿ, ಅಕ್ಷರ ಗಟ್ಟಿಯಾಗಬೇಕು. ಒಂದರಿಂದ ಮೂರನೇ ತರಗತಿಯಲ್ಲಿ ಕನ್ನಡ ಗಟ್ಟಿಯಾಗಿ, ತಮಿಳು ಬಾಯಿಮಾತಿನಲ್ಲಿ ಸರಾಗವಾದರೆ ಮುಂದಿನದು ಹಗುರ.

ಒಂದು ಮಾತು ಊಟದ ಬಗ್ಗೆ. ಗುಲಾಬಿ ತೋಟಕ್ಕೆ ಹೋಗುವ ತಾಯಿ ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಾಳೆ, ಮಗು ಹಸಿದೇ ಶಾಲೆಗೆ ಬರುತ್ತದೆ. ಇಲ್ಲೇ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿ, ಹೊಸೂರಿನಲ್ಲೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೂ ಓದಿದ ರಾಜಾಜಿಯವರು ಮುಖ್ಯಮಂತ್ರಿಯಾಗಿದ್ದಾಗ, 1953ರಲ್ಲಿ, ಅರ್ಧ ದಿನ ಶಾಲೆ, ಉಳಿದ ಹೊತ್ತು ಮನೆಯ ಕಸುಬು ಎಂಬ ಯೋಜನೆ ತಂದಿದ್ದರು. ದೊಡ್ಡ ವಿರೋಧ ಎದ್ದು ಮಾರನೆಯ ವರ್ಷ ಅವರ ನಂತರ ಮುಖ್ಯಮಂತ್ರಿಯಾದ ಕಾಮರಾಜರು ಅದನ್ನು ಕೈಬಿಟ್ಟರು, 1956ರಲ್ಲಿ ಮಧ್ಯಾಹ್ನದ ಊಟ ಶುರು ಮಾಡಿದರು. ನನ್ನ ಮಟ್ಟಿಗೆ ಕಾಮರಾಜರದೇ ಸರಿಯಾದ ದಾರಿ. 2022ರ ಸೆಪ್ಟೆಂಬರಿನಲ್ಲಿ ಬೆಳಗಿನ ತಿಂಡಿಯೂ ಬಂದಿದೆ. ನಿಮ್ಮ ಊರಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಇದೆಯೇ ಎಂದು ಕೇಳಿ, ಇದ್ದರೆ ಸಂಕೋಚಪಡದೆ ಮಗುವನ್ನು ಬೇಗ ಕಳಿಸಿ.

ಕವಲು ಬರುವುದು ಐದನೇ ತರಗತಿ ಮುಗಿದಾಗ, ಮತ್ತೆ ಎಂಟು ಮುಗಿದಾಗ. ಮೇಲಕ್ಕೆ ಹೋದಂತೆ ಕನ್ನಡ ಮಾಧ್ಯಮದ ಶಾಲೆಗಳು ವಿರಳ. ಮೂರು ದಾರಿ ಉಳಿಯುತ್ತವೆ: ಬಸ್ಸಿನಲ್ಲಿ ದೂರದ ಕನ್ನಡ ಹೈಸ್ಕೂಲಿಗೆ, ಹತ್ತಿರದ ತಮಿಳು ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ, ಇಲ್ಲವೇ ಗಡಿ ದಾಟಿ ಆನೇಕಲ್ ತಾಲೂಕಿಗೆ. ಯಾವುದನ್ನೂ ಜರಿಯಲಾರೆ. ಆದರೆ ಆರಿಸುವ ಮುನ್ನ ಎರಡು ಸಂಗತಿ ತಿಳಿದಿರಲಿ. ತಮಿಳುನಾಡಿನ ಸರ್ಕಾರಿ ನೇಮಕದಲ್ಲಿ ತಮಿಳು ಮಾಧ್ಯಮದಲ್ಲಿ ಓದಿದವರಿಗೆ ಶೇ. 20 ಆದ್ಯತೆ ಕೊಡುವ ಕಾಯ್ದೆ 2010ರಲ್ಲಿ ಬಂದಿದೆ. ಕನ್ನಡ ಮಾಧ್ಯಮದ ಮಗುವಿಗೆ ಅದು ದಕ್ಕುವುದಿಲ್ಲ. ಆ ಕಡೆ ಕರ್ನಾಟಕದ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಗಡಿನಾಡು, ಹೊರನಾಡು ಕನ್ನಡಿಗರಿಗೆ ನಿಯಮಗಳಿವೆ. ಅವುಗಳಲ್ಲಿ ತಾಲೂಕುಗಳ ಹೆಸರು ಹೇಳಿರುತ್ತಾರೆ, ನಿಮ್ಮ ತಾಲೂಕು ಇದೆಯೇ ಎಂದು ಆಯಾ ವರ್ಷದ ಕೈಪಿಡಿಯಲ್ಲೇ ಓದಿ ನೋಡಿ, ಯಾರೋ ಹೇಳಿದರೆಂದು ನಂಬಿ ಕೂರಬೇಡಿ. ಎರಡು ರಾಜ್ಯಗಳ ನಡುವೆ ಬದುಕುವ ಈ ಮಕ್ಕಳಿಗೆ ಎರಡೂ ಕಡೆಯ ಸವಲತ್ತು ಕೈತಪ್ಪುವ ಹಾಗಾಗಬಾರದು. ಸರ್ಕಾರಗಳು ಕೂತು ಸರಿಮಾಡಬೇಕಾದ್ದು ಇದು, ಮತ್ತು ನಾವು ಕೇಳುತ್ತಲೇ ಇರಬೇಕಾದ್ದು. ಶಾಲಾ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆ ಸಭೆಗೆ ಹೋಗಿ, ಕನ್ನಡ ಟೀಚರ ಹುದ್ದೆ ಖಾಲಿ ಇದ್ದರೆ ನಡಾವಳಿಯಲ್ಲಿ ಬರೆಸಿ, ಅದರ ನಕಲು ಇಟ್ಟುಕೊಳ್ಳಿ.

ಕೊನೆಗೆ, ಹೆಸರಿನ ವಿಷಯ. ಭಾಗ್ಯ ಎಂಬ ಹುಡುಗಿ ತಮಿಳಿನ ದಾಖಲೆಯಲ್ಲಿ ಪಾಕ್ಕಿಯಾ ಆಗುತ್ತಾಳೆ, ಅದನ್ನು ಇಂಗ್ಲಿಷಿಗೆ ಇಳಿಸುವಾಗ ಇನ್ನೇನೋ ಆಗುತ್ತದೆ. ಟಿ.ಸಿ.ಯಲ್ಲಿ ಒಂದು, ಆಧಾರಿನಲ್ಲಿ ಒಂದು, ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಮತ್ತೊಂದು. ಇಲ್ಲಿ ಇನಿಷಿಯಲ್ ಹೆಸರಿನ ಮುಂದೆ ಬರುವುದೂ ಗೊಂದಲಕ್ಕೆ ಕಾರಣ. ಇದನ್ನು ತಿದ್ದಿಸಲು ಕಚೇರಿಯಿಂದ ಕಚೇರಿಗೆ ಅಲೆದು ಕಾಲೇಜಿನ ಸೀಟು ಕಳೆದುಕೊಂಡ ಮಕ್ಕಳನ್ನು ಕಂಡಿದ್ದೇನೆ. ಸೇರಿಸಲು ಹೋಗುವ ದಿನ ಒಂದು ಬಿಳಿ ಹಾಳೆಯಲ್ಲಿ ಮಗುವಿನ ಹೆಸರನ್ನು ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ದುಂಡಗೆ ಬರೆದುಕೊಂಡು ಹೋಗಿ. ತಮಿಳು ಬಾರದಿದ್ದರೆ ಪಕ್ಕದ ಮನೆಯವರ ಕೈಲಿ ಬರೆಸಿ. ಅದೇ ಹಾಳೆಯ ಕೆಳಗೆ ಮಾತೃಭಾಷೆ ಕನ್ನಡ ಎಂದೂ ಬರೆದು ಹೆಡ್‌ಮೇಷ್ಟ್ರ ಕೈಗೆ ಕೊಡಿ. ಅವರು ಕಂಪ್ಯೂಟರಿಗೆ ತುಂಬಿದ ಮೇಲೆ ಪರದೆಯನ್ನು ಒಮ್ಮೆ ನಿಮ್ಮ ಕಡೆ ತಿರುಗಿಸಲು ಕೇಳಿ, ಓದಿ ನೋಡಿ, ಆಮೇಲೆ ಮನೆಗೆ ಹೋಗಿ.